2 ಮಿಲಿಮೀಟರ್ ಮೊಳಕೆ, 52ರ ಚರ್ಮ: ನನ್ನ ಅನುಭವ

ಮೊದಲ ಸಲ ಗೋಧಿಗೆ ಮೊಳಕೆ ಬರಿಸಿದಾಗ ಅಷ್ಟನ್ನೂ ಕಸದ ಬುಟ್ಟಿಗೆ ಸುರಿದೆ. ಎರಡನೇ ದಿನ ಬೆಳಗ್ಗೆ ಬಾಟಲಿ ಎತ್ತಿ ನೋಡಿದರೆ ಪ್ರತಿ ಕಾಳಿನ ತುದಿಯಲ್ಲೂ ಹತ್ತಿಯಂಥ ಬಿಳಿ ನವಿರು. ಬೂಷ್ಟು ಬಂದಿದೆ ಅಂದುಕೊಂಡೆ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಚೆಲ್ಲುವ ಮುಂಚೆ ಸುಮ್ನೆ ಒಂದು ಕಾಳನ್ನು ನೀರಿಗೆ ಅದ್ದಿದೆ. ಹತ್ತಿ ಮಾಯ! ನವಿರೆಲ್ಲ ಬೇರಿಗೆ ಅಂಟಿಕೊಂಡು ಮಲಗಿತ್ತು. ಅದು ಬೂಷ್ಟಲ್ಲ, ಬೇರಿನ ರೋಮ. ನೀರು ಬಿದ್ದರೆ ಮಲಗುತ್ತದೆ, ಆರಿದರೆ ಮತ್ತೆ ಏಳುತ್ತದೆ. ನಿಜವಾದ ಬೂಷ್ಟು ಒಂದು ಕಾಳಿಂದ ಇನ್ನೊಂದು ಕಾಳಿಗೆ ಜೇಡರ ಬಲೆಯ ಹಾಗೆ ಹಬ್ಬುತ್ತದೆ. ತೊಳೆದರೂ ಹೋಗುವುದಿಲ್ಲ, ಮುಗ್ಗಲು ವಾಸನೆಯೂ ಬರುತ್ತದೆ. ಇಷ್ಟು ತಿಳಿಯುವ ಹೊತ್ತಿಗೆ ನಾನು ಎರಡು ಬಾಟಲಿ ಒಳ್ಳೆ ಮೊಳಕೆ ಎಸೆದಾಗಿತ್ತು.

ಈ ಹುಚ್ಚು ಹಿಡಿದದ್ದು 52ನೇ ವಯಸ್ಸಿಗೆ. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಮುಖ ತೊಳೆದ ಐದು ನಿಮಿಷಕ್ಕೆ ಕೆನ್ನೆ ಬಿಗಿಯುತ್ತಿತ್ತು. ಮಲಗಿದಾಗ ದಿಂಬಿನ ಅಚ್ಚು ಮುಖದ ಮೇಲೆ ಬೀಳುತ್ತದಲ್ಲ, ಅದು ಮೊದಲೆಲ್ಲ ಹಲ್ಲುಜ್ಜುವಷ್ಟರಲ್ಲಿ ಹೋಗುತ್ತಿತ್ತು. ಈಗ ತಿಂಡಿ ಮುಗಿದರೂ ಗೆರೆ ಹಾಗೇ ಇರುತ್ತಿತ್ತು. ಓದಿ ನೋಡಿದಾಗ ಕಾರಣ ಗೊತ್ತಾಯಿತು. ದೊಡ್ಡವರಾದ ಮೇಲೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಅನ್ನುವ ಪ್ರೋಟೀನ್ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತಾ ಹೋಗುತ್ತದಂತೆ. ಮುಟ್ಟು ನಿಂತ ಮೊದಲ 5 ವರ್ಷದಲ್ಲಂತೂ ಸುಮಾರು ಶೇ. 30 ಹೋಗುತ್ತದೆ. ಹಾಸಿಗೆಯೊಳಗಿನ ಹತ್ತಿ ಕುಸಿದ ಹಾಗೆ.

ಆಗಲೇ ಯಾರೋ ಹೇಳಿದರು, ಮೊಳಕೆ ಧಾನ್ಯ ತಿಂದರೆ ಚರ್ಮ ಎಳೆಯದಾಗುತ್ತದೆ ಅಂತ. ನನಗೆ ಅಂಥ ಮಾತು ಕೇಳಿದರೆ ಮೊದಲು ಅನುಮಾನ, ಆಮೇಲೆ ಆಸೆ. ಎರಡೂ ಸೇರಿದರೆ ಏನಾಗುತ್ತದೆ? ಅಡುಗೆಮನೆಯ ಕಿಟಕಿಯಲ್ಲಿ ನಾಲ್ಕು ಬಾಟಲಿ ಸಾಲಾಗಿ ಕೂರುತ್ತವೆ.

ಮೊಳಕೆಯೊಳಗೆ ಏನು ನಡೆಯುತ್ತದೆ ಅನ್ನುವುದು ನಿಜಕ್ಕೂ ಚೆಂದದ ಕಥೆ. ಒಣ ಕಾಳು ಅಂದರೆ ಬೀಗ ಹಾಕಿದ ಉಗ್ರಾಣ. ನೀರು ಒಳಗಿಳಿದ ಕೂಡಲೇ ಭ್ರೂಣ ಎಚ್ಚರಗೊಂಡು ಜಿಬ್ಬರೆಲಿನ್ ಅನ್ನುವ ಹಾರ್ಮೋನನ್ನು ಕಳಿಸುತ್ತದೆ. ಅದು ತೌಡಿನ ಒಳಪದರಕ್ಕೆ ಮುಟ್ಟಿದಾಗ ಅಲ್ಲಿಂದ ಕಿಣ್ವಗಳು ಹೊರಡುತ್ತವೆ. ಒಂದು ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಮೂರನೇ ದಿನದ ಗೋಧಿ ಅಗಿದರೆ ಸಿಹಿ ಅನ್ನಿಸುವುದು ಅದಕ್ಕೇ. 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞರು ಮೊಳಕೆ ಬಾರ್ಲಿಯಿಂದಲೇ ಈ ಕಿಣ್ವವನ್ನು ಬೇರ್ಪಡಿಸಿ ಡಯಾಸ್ಟೇಸ್ ಅಂತ ಹೆಸರಿಟ್ಟರು. ಇನ್ನು ಕೆಲವು ಕಿಣ್ವಗಳು ತೌಡಿನ ಗೋಡೆಯನ್ನೇ ಸಡಿಲ ಮಾಡುತ್ತವೆ. ನನಗೆ ಬೇಕಾಗಿದ್ದು ಆ ಗೋಡೆಯಲ್ಲಿತ್ತು.

ಅದರ ಹೆಸರು ಫೆರುಲಿಕ್ ಆಮ್ಲ. ಗೋಧಿ, ಬಾರ್ಲಿ, ಜೋಳ, ಅಕ್ಕಿ ಎಲ್ಲದರ ತೌಡಿನಲ್ಲೂ ಇದೆ. ಆದರೆ ಬಹುಪಾಲು ಗೋಡೆಯ ನಾರಿಗೆ ಅಂಟಿಕೊಂಡೇ ಇರುತ್ತದೆ. ಅಂಟಿಕೊಂಡಿದ್ದು ಸಣ್ಣ ಕರುಳಲ್ಲಿ ಹೀರಲ್ಪಡುವುದು ಕಡಿಮೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಿಧಾನಕ್ಕೆ ಬಿಡಿಸಬೇಕು. ಮೊಳಕೆ ಬಂದಾಗ ಆ ಅಂಟು ಸ್ವಲ್ಪ ಬಿಡುತ್ತದೆ, ಬಿಡಿ ಫೆರುಲಿಕ್ ಆಮ್ಲ ಜಾಸ್ತಿಯಾಗುತ್ತದೆ. ಅಂದರೆ ಮೊಳಕೆ ಬಂದ ತಕ್ಷಣ ಕಾಳಿನಲ್ಲಿ ಚಿನ್ನ ಹುಟ್ಟುವುದಿಲ್ಲ. ಇದ್ದದ್ದರ ಬೀಗ ಸ್ವಲ್ಪ ತೆರೆಯುತ್ತದೆ, ಅಷ್ಟೇ.

ಚರ್ಮಕ್ಕೂ ಇದಕ್ಕೂ ಏನು ಸಂಬಂಧ? ಬಿಸಿಲಿನ ಅತಿನೇರಳೆ ಕಿರಣ ಚರ್ಮದೊಳಗೆ ಫ್ರೀ ರ್‍ಯಾಡಿಕಲ್ ಅನ್ನುವ, ಜೀವಕೋಶಕ್ಕೆ ಹಾನಿ ಮಾಡುವ ಕಣಗಳನ್ನು ಎಬ್ಬಿಸುತ್ತದೆ. ಅದರಿಂದ ಕೊಲಾಜೆನ್ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ. ಫೆರುಲಿಕ್ ಆಮ್ಲ ಆ ರ್‍ಯಾಡಿಕಲ್‌ಗಳನ್ನು ತಣ್ಣಗೆ ಮಾಡುತ್ತದೆ, ಅತಿನೇರಳೆ ಕಿರಣವನ್ನೂ ಸ್ವಲ್ಪ ಹೀರುತ್ತದೆ. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಒಂದು ಕೆಲಸ ಮಾಡಿತು. ಶೇ. 15 ವಿಟಮಿನ್ ಸಿ, ಶೇ. 1 ವಿಟಮಿನ್ ಇ ಇರುವ ದ್ರಾವಣಕ್ಕೆ ಶೇ. 0.5 ಫೆರುಲಿಕ್ ಆಮ್ಲ ಸೇರಿಸಿದರು. ಬಿಸಿಲಿನ ಹಾನಿಯಿಂದ ಚರ್ಮಕ್ಕೆ ಸಿಗುವ ರಕ್ಷಣೆ ಸುಮಾರು 4 ಪಟ್ಟಿನಿಂದ 8 ಪಟ್ಟಿಗೆ ಏರಿತು. ಇವತ್ತು ಅಂಗಡಿಯಲ್ಲಿ ಕಾಣುವ ಎಷ್ಟೋ ಸೀರಮ್‌ಗಳ ಹಿಂದೆ ಇರುವುದು ಈ ಕೆಲಸವೇ.

ಇಲ್ಲಿ ನಾನು ಎಡವಿದೆ. ಅದು ಹಚ್ಚುವ ದ್ರಾವಣ, ನಾನು ತಿನ್ನುವ ಗೋಧಿ. ಎರಡೂ ಒಂದೇ ಅಲ್ಲ. ಹೊಟ್ಟೆಗೆ ಹೋದ ಫೆರುಲಿಕ್ ಆಮ್ಲವನ್ನು ಯಕೃತ್ತು ಬದಲಿಸಿಬಿಡುತ್ತದೆ. ಉಳಿದದ್ದು ರಕ್ತದಲ್ಲಿ ಮೈಯೆಲ್ಲ ಸುತ್ತಿ ಕೆನ್ನೆಗೆ ಎಷ್ಟು ತಲುಪುತ್ತದೋ ಅಷ್ಟು. ಈ ಲೆಕ್ಕ ತಲೆಗೆ ಹೋಗಲು ನನಗೆ ಆರು ತಿಂಗಳು ಬೇಕಾಯಿತು.

ಆ ಆರು ತಿಂಗಳಲ್ಲಿ ಮಾಡಿದ ದೊಡ್ಡ ದಡ್ಡತನ ಹೇಳಿಬಿಡುತ್ತೇನೆ. ತಿನ್ನುವುದಕ್ಕಿಂತ ಹಚ್ಚುವುದೇ ವಾಸಿ ಅಲ್ವಾ ಅಂತ, ಮೊಳಕೆ ಗೋಧಿಯನ್ನು ಹಸಿಯಾಗಿ ರುಬ್ಬಿ ನಿಂಬೆರಸ ಹಿಂಡಿ ಮುಖಕ್ಕೆ ಮೆತ್ತಿಕೊಂಡೆ. ಇಪ್ಪತ್ತು ನಿಮಿಷ. ಚುರುಚುರು ಅಂದಿತು, ಕೆಲಸ ಮಾಡುತ್ತಿದೆ ಅಂದುಕೊಂಡೆ. ತೊಳೆದುಕೊಂಡು ಬಟ್ಟೆ ಒಣಗಿಸಲು ಬಿಸಿಲಿಗೆ ಹೋದೆ. ಮಾರನೇ ದಿನ ಬಲಗೆನ್ನೆ ಕೆಂಪಾಗಿ ಉರಿಯುತ್ತಿತ್ತು. ವಾರದೊಳಗೆ ಅಲ್ಲೇ ಕಂದು ಕಲೆ. ನಿಂಬೆಯ ಜಾತಿಯ ಹಣ್ಣುಗಳಲ್ಲಿ ಬಿಸಿಲು ಬಿದ್ದರೆ ಚರ್ಮ ಸುಡುವ ವಸ್ತು ಇದೆ. ಫ್ಯೂರೋಕೂಮರಿನ್ ಅಂತ ಅದರ ಹೆಸರು. ಗೋಧಿಯ ತಪ್ಪೇನೂ ಇರಲಿಲ್ಲ. ಕಲೆ ಹೋಗಲು ನಾಲ್ಕು ತಿಂಗಳು ಹಿಡಿಯಿತು.

ಆ ಕಲೆ ತೋರಿಸಲು ಚರ್ಮದ ವೈದ್ಯರ ಹತ್ತಿರ ಹೋದೆ. ಮೊಳಕೆ, ಫೆರುಲಿಕ್ ಆಮ್ಲ, ಎಲ್ಲ ವಿವರವಾಗಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ಸನ್‌ಸ್ಕ್ರೀನ್ ಯಾವುದು ಹಚ್ಚುತ್ತೀರಿ?”

“ಹಚ್ಚೋದಿಲ್ಲ ಡಾಕ್ಟ್ರೇ.”

“ಹಾಗಾದ್ರೆ ಮೊಳಕೆ ವಿಷಯ ಆಮೇಲೆ ಮಾತಾಡೋಣ.”

ಕೋಪ ಬಂತು. ಮನೆಗೆ ಬಂದು ಹುಡುಕಿ ಓದಿದ ಮೇಲೆ ಕೋಪ ಇಳಿಯಿತು. ಆಸ್ಟ್ರೇಲಿಯಾದ ನಾಂಬೋರ್ ಅನ್ನುವ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿದ್ದ ಗುಂಪಿನಲ್ಲಿ ಚರ್ಮಕ್ಕೆ ವಯಸ್ಸಾಗುವುದು ಇನ್ನೊಂದು ಗುಂಪಿಗಿಂತ ಶೇ. 24 ಕಡಿಮೆ. ಮೊಳಕೆ ಧಾನ್ಯದ ಬಗ್ಗೆ ನಾನು ಓದಿದ್ದೆಲ್ಲ ಹೆಚ್ಚಾಗಿ ಪ್ರಯೋಗಾಲಯದ ಜೀವಕೋಶ ಮತ್ತು ಇಲಿಗಳ ಕಥೆ. ತೂಕ ಎತ್ತ ಕಡೆ ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಬಾಟಲಿಗಳನ್ನು ಎತ್ತಿಟ್ಟೆನಾ? ಇಲ್ಲ. ಯಾವುದರಿಂದ ಏನು ಕೇಳಬೇಕು ಅನ್ನುವುದನ್ನು ಬದಲಿಸಿಕೊಂಡೆ.

ವಿಟಮಿನ್ ಸಿ ವಿಷಯ ತೆಗೆದುಕೊಳ್ಳಿ. ಕೊಲಾಜೆನ್ ಹೆಣೆಯಲು ಅದು ಬೇಕೇ ಬೇಕು. ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆ ಹಿಡಿದವರ ಹಳೇ ಗಾಯಗಳೂ ಬಾಯಿ ಬಿಡುತ್ತಿದ್ದದ್ದು ಅದಿಲ್ಲದೇ ಕೊಲಾಜೆನ್ ಸಡಿಲವಾಗಿ. ಒಣ ಕಾಳಿನಲ್ಲಿ ಸಿ ಇಲ್ಲವೇ ಇಲ್ಲ ಅನ್ನಬಹುದು, ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಬಿಯಾದ ಸೈನಿಕರ ಸ್ಕರ್ವಿಗೆ ಮೊಳಕೆ ಬರಿಸಿದ ಬೀನ್ಸ್ ಕೊಟ್ಟು ವಾಸಿ ಮಾಡಿದ್ದರು. ಆದರೆ ಅದು ಬೀನ್ಸ್. ಗೋಧಿಯ ಮಾತು ಬೇರೆ. 100 ಗ್ರಾಂ ಮೊಳಕೆ ಗೋಧಿಯಲ್ಲಿ ಸಿ 3 ಮಿಲಿಗ್ರಾಂ ಕೂಡ ಇರುವುದಿಲ್ಲ. ಅಷ್ಟೇ ತೂಕದ ಕಿತ್ತಳೆಯಲ್ಲಿ 50ರ ಆಸುಪಾಸು ಇರುತ್ತದೆ. 1768ರಲ್ಲಿ ಸಮುದ್ರಯಾನ ಹೊರಟ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ತನ್ನ ಹಡಗಿನಲ್ಲಿ ಸ್ಕರ್ವಿಗೆ ಮದ್ದು ಅಂತ ಮೊಳಕೆ ಬಾರ್ಲಿಯ ಮಾಲ್ಟ್ ಒಯ್ದಿದ್ದ. ಬಿಸಿಯಲ್ಲಿ ಒಣಗಿಸಿದ ಮಾಲ್ಟ್‌ನಲ್ಲಿ ಸಿ ಎಲ್ಲಿ ಉಳಿಯಬೇಕು! ಸಿ ಬೇಕಾದರೆ ಹಣ್ಣು ತಿನ್ನಬೇಕು. ಮೊಳಕೆಯಿಂದ ಅದನ್ನು ಕೇಳುವುದನ್ನು ಬಿಟ್ಟೆ.

ಸತು ಮತ್ತು ಕಬ್ಬಿಣದ ಮಾತು ಹಾಗಲ್ಲ. ಧಾನ್ಯದ ತೌಡಿನಲ್ಲಿ ಫೈಟಿಕ್ ಆಮ್ಲ ಇರುತ್ತದೆ. ಅದು ಸತುವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಮೊಳಕೆ ಬರುವಾಗ ಫೈಟೇಸ್ ಅನ್ನುವ ಕಿಣ್ವ ಅದನ್ನು ಒಡೆಯುತ್ತದೆ. ಚರ್ಮ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಸತು ಬೇಕು. ಮಾಂಸ ತಿನ್ನದ ನನ್ನಂಥವರಿಗೆ ಇದು ನಿಜವಾದ ಲಾಭ.

ಗೋಧಿ ಭ್ರೂಣದಲ್ಲಿ ಸ್ಪರ್ಮಿಡಿನ್ ಅನ್ನುವ ವಸ್ತು ಬೇರೆ ಜಾಸ್ತಿ ಇದೆ. ಜೀವಕೋಶ ತನ್ನೊಳಗಿನ ಕಸ ತಾನೇ ಗುಡಿಸಿಕೊಳ್ಳುವ ಕೆಲಸವನ್ನು ಅದು ಚುರುಕು ಮಾಡುತ್ತದೆ ಅಂತ ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಕುತೂಹಲದ ವಿಷಯ, ಆದರೆ ಅಲ್ಲಿಂದ ನನ್ನ ಕಣ್ಣಂಚಿನ ಸುಕ್ಕಿಗೆ ದಾರಿ ಬಹಳ ದೂರ. ಕಂದು ಅಕ್ಕಿ ನೆನೆಸಿದಾಗ ಗಾಬಾ ಅನ್ನುವ ಅಮೈನೊ ಆಮ್ಲ ಹೆಚ್ಚುತ್ತದೆ ಅನ್ನುವುದೂ ನಿಜ. ಅದನ್ನು ಸುಕ್ಕಿನ ಜೊತೆ ಗಂಟು ಹಾಕುವವರನ್ನು ನಾನು ನಂಬುವುದಿಲ್ಲ. ಇನ್ನು ಕ್ರೀಮ್ ಮಾರುವವರು ಮೊಳಕೆಯ ಕೈನೆಟಿನ್ ಅನ್ನುತ್ತಾರೆ, ಗಿಡದ ಜೀವಕೋಶ ಒಡೆದು ಹೆಚ್ಚುವಂತೆ ಮಾಡುವ ವಸ್ತು ಅದು. 1955ರಲ್ಲಿ ಕೈನೆಟಿನ್ ಮೊದಲು ಸಿಕ್ಕಿದ್ದು ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯಿಂದ ಅಂತ ಯಾವ ಡಬ್ಬಿಯ ಮೇಲೂ ಬರೆಯುವುದಿಲ್ಲ, ಯಾಕೋ.

ಈಗ ಬಾಟಲಿ ವಿಷಯಕ್ಕೆ ಬರುತ್ತೇನೆ. ನಾನು ಮೊಳಕೆ ಬರಿಸುವುದು ಗೋಧಿ, ಸಿಪ್ಪೆ ತೆಗೆಯದ ಬಾರ್ಲಿ ಮತ್ತು ಕಂದು ಅಕ್ಕಿ. ಪಾಲಿಶ್ ಮಾಡಿದ ಬಾರ್ಲಿ ಮುತ್ತಿನ ಹಾಗಿರುತ್ತದಲ್ಲ, ಅದು ಮೊಳೆಯುವುದಿಲ್ಲ. ಬಿಳಿ ಅಕ್ಕಿಯೂ ಅಷ್ಟೇ, ಭ್ರೂಣವೇ ಉದುರಿಹೋಗಿರುತ್ತದೆ. ಚಪ್ಪಟೆ ಓಟ್ಸನ್ನು ಮೂರು ದಿನ ನೆನೆಸಿ ಕಾದು ಕೂತ ಜಾಣೆ ನಾನು. ಅದನ್ನು ಹಬೆಯಲ್ಲಿ ಬೇಯಿಸಿ ಒತ್ತಿರುತ್ತಾರೆ ಅಂತ ಆಮೇಲೆ ತಿಳಿಯಿತು. ಸಿಕ್ಕಿದ್ದು ಹುಳಿ ಅಂಬಲಿ. ಬಿತ್ತನೆಗೆ ಅಂತ ಮಾರುವ ಬೀಜ ಮಾತ್ರ ಮುಟ್ಟಬೇಡಿ. ಅದಕ್ಕೆ ಔಷಧಿ ಬಳಿದಿರುತ್ತಾರೆ, ಎಷ್ಟೋ ಸಲ ಗುಲಾಬಿ ಬಣ್ಣ ಇರುತ್ತದೆ.

ಅರ್ಧ ಬಟ್ಟಲು ಕಾಳು, ನಾಲ್ಕು ಸಲ ತೊಳೆಯುವುದು, 10 ಗಂಟೆ ನೆನೆಹಾಕುವುದು. ನೆನೆಸಿದ ನೀರು ಚೆಲ್ಲುತ್ತೇನೆ. ಅದರಲ್ಲಿ ಒಂದಿಷ್ಟು ಒಳ್ಳೆಯದೂ ಹೋಗುತ್ತದೆ, ಆದರೆ ಕೊಳೆಯೂ ಇರುವುದು ಅಲ್ಲೇ. ಆಮೇಲೆ ಬಾಟಲಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಓರೆಯಾಗಿ ಬೋರಲು ಇಡುವುದು. ನೀರು ಪೂರ್ತಿ ಬಸಿಯಬೇಕು. ನನ್ನ ಮೊಳಕೆ ಕೆಟ್ಟದ್ದೆಲ್ಲ ನೀರು ನಿಂತು, ನೀರು ಕಡಿಮೆಯಾಗಿ ಒಂದು ಸಲವೂ ಕೆಟ್ಟಿಲ್ಲ. ಎಂಟು ಗಂಟೆಗೊಮ್ಮೆ ತೊಳೆದು ಮತ್ತೆ ಬಸಿಯುತ್ತೇನೆ. ಕೋಣೆ 20 ಡಿಗ್ರಿ ಹತ್ತಿರ ಇದ್ದರೆ ಗೋಧಿ ನೆನೆಸಿದ ಮೇಲೆ ಒಂದೂವರೆಯಿಂದ ಎರಡು ದಿನಕ್ಕೆ 2 ಮಿಲಿಮೀಟರ್ ಬೇರು ಬಿಡುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ. ಇನ್ನೂ ಬಿಟ್ಟರೆ ಸಂಯುಕ್ತಗಳು ಇನ್ನಷ್ಟು ಬಿಡಿಯಾಗಬಹುದು. ಆದರೆ ಸಕ್ಕರೆ ಏರುತ್ತದೆ, ಬೇರು ಹೆಣೆದುಕೊಂಡು ಚಾಪೆಯಾಗುತ್ತದೆ, ಬ್ಯಾಕ್ಟೀರಿಯಾಕ್ಕೂ ಹಬ್ಬ. ಕಂದು ಅಕ್ಕಿಗೆ ಇಷ್ಟೂ ಬೇಡ, ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಉಬ್ಬು ಕಂಡರೆ ಸಾಕು.

ಹಸಿಯಾಗಿ ತಿನ್ನುತ್ತಿದ್ದ ಅಭ್ಯಾಸವನ್ನು ಪೂರ್ತಿ ಬಿಟ್ಟಿದ್ದೇನೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಹರಡಿ ಸುಮಾರು 4,000 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಬ್ಯಾಕ್ಟೀರಿಯಾ ಬೀಜದ ಬಿರುಕಿನಲ್ಲೇ ಕೂತಿರುತ್ತದೆ. ಮೊಳಕೆಗೆ ಬೇಕಾದ ತೇವ, ಬೆಚ್ಚಗಿನ ಗಾಳಿ ಅದಕ್ಕೂ ಬೇಕಾದದ್ದೇ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಗರ್ಭಿಣಿಯರು, ವಯಸ್ಸಾದವರು, ಮಕ್ಕಳು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೊಳಕೆ ತಿನ್ನಲೇಬಾರದು. ಹಾಗಾಗಿ ನಾನು ಚೆನ್ನಾಗಿ ಬೇಯಿಸಿಯೇ ತಿನ್ನುವುದು. ಬೇಯಿಸಿದರೆ ಎಲ್ಲ ಹೋಯಿತಲ್ಲ ಅನ್ನುವವರಿಗೆ ಒಂದು ಸಮಾಧಾನ ಇದೆ. ಹೋಗುವುದು ಆ ಚೂರುಪಾರು ವಿಟಮಿನ್ ಸಿ. ಸತು ಎಲ್ಲೂ ಹೋಗುವುದಿಲ್ಲ. ಫೆರುಲಿಕ್ ಆಮ್ಲ ಬಿಸಿಯನ್ನು ಸಾಕಷ್ಟು ತಡೆಯುತ್ತದೆ, ಬೇಯುವಾಗ ಅಂಟಿಕೊಂಡಿದ್ದರಲ್ಲಿ ಇನ್ನೊಂದಿಷ್ಟು ಬಿಡಿಸಿಕೊಳ್ಳುವುದೂ ಉಂಟು. ನಾನು ಯಾವುದಕ್ಕೆ ಮೊಳಕೆ ಬರಿಸುತ್ತೇನೋ ಅದು ಪಾತ್ರೆಯಲ್ಲೇ ಉಳಿಯುತ್ತದೆ. ಸೂಪಿಗೆ ಹಾಕುತ್ತೇನೆ, ತರಕಾರಿ ಜೊತೆ ಬೇಯಿಸುತ್ತೇನೆ, ಕೆಲವು ಸಲ ಒಣಗಿಸಿ ಹಿಟ್ಟು ಮಾಡಿ ಗಂಜಿ ಕಾಯಿಸುತ್ತೇನೆ.

ಜೋಳದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಮೆಕ್ಕೆಜೋಳ ಅಲ್ಲ, ಬಿಳಿ ಜೋಳ. ಒಂದು ಸಲ ಅದನ್ನು ಐದು ದಿನ ಬಿಟ್ಟು ಹಸಿರು ಚಿಗುರು ಬರಿಸಿದ್ದೆ. ನೋಡಲು ಎಷ್ಟು ಚೆಂದ! ತಿನ್ನುವ ಮುಂಚೆ ಅದೃಷ್ಟಕ್ಕೆ ಓದಿದೆ. ಜೋಳದ ಒಣ ಕಾಳಿನಲ್ಲಿ ಅಪಾಯವಿಲ್ಲ. ಆದರೆ ಚಿಗುರು ಮತ್ತು ಬೇರಿನಲ್ಲಿ ಧುರ್ರಿನ್ ಅನ್ನುವ ವಸ್ತು ಹುಟ್ಟುತ್ತದೆ. ಅದು ಒಡೆದರೆ ಸಯನೈಡ್ ಬಿಡುತ್ತದೆ. ದನ ಎಳೆ ಜೋಳದ ಪೈರು ಮೇದು ಸಾಯುವುದು ಇದರಿಂದಲೇ. ಗಿಡ ತನ್ನ ಮರಿಯನ್ನು ಕಾಪಾಡಿಕೊಳ್ಳಲು ಮಾಡುವ ರಾಸಾಯನಿಕವೆಲ್ಲ ನಮ್ಮ ಕೆನ್ನೆಗೆ ಒಳ್ಳೆಯದೇ ಆಗಬೇಕೆಂದಿಲ್ಲವಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಆಗದವರೂ ಕೇಳಿಸಿಕೊಳ್ಳಿ, ಗೋಧಿಗೆ ಮೊಳಕೆ ಬಂದರೂ ಗ್ಲುಟೆನ್ ಹೋಗುವುದಿಲ್ಲ.

ಹಚ್ಚುವ ವಿಷಯದಲ್ಲಿ ನನಗೆ ಕೈ ಹಿಡಿದದ್ದು ಓಟ್ಸ್, ಅದೂ ಮೊಳಕೆ ಬಾರದ್ದು. ಧಾನ್ಯಗಳ ಪೈಕಿ ಓಟ್ಸ್‌ನಲ್ಲಿ ಮಾತ್ರ ಸಿಗುವ ಅವೆನಾಂತ್ರಮೈಡ್ ಅನ್ನುವ ಸಂಯುಕ್ತ ತುರಿಕೆ, ಉರಿಯೂತ ಕಡಿಮೆ ಮಾಡುತ್ತದೆ. ನಯವಾಗಿ ಪುಡಿ ಮಾಡಿದ ಓಟ್ಸನ್ನು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲೇ ಚರ್ಮರಕ್ಷಕ ಅಂತ ಒಪ್ಪಿಕೊಂಡಿದೆ. ಮುಖದ ಪಾಠ ಆಗಿತ್ತಲ್ಲ, ಈ ಸಲ ಕೈಯಲ್ಲಿ ನೋಡಿದೆ. ಓಟ್ಸ್ ಹಿಟ್ಟನ್ನು ಬೆಚ್ಚಗಿನ ನೀರಲ್ಲಿ ಕಲಸಿ ದಿನ ರಾತ್ರಿ ಹತ್ತು ನಿಮಿಷ ಎಡಗೈ ಹಿಂಬದಿಗೆ ಮಾತ್ರ. ಬಲಗೈಗೆ ಏನೂ ಇಲ್ಲ. ಮೂರು ವಾರಕ್ಕೆ ಎಡಗೈಯ ಬಿಳಿ ಪುಡಿ ಏಳುವುದು ನಿಂತಿತು, ಕೆರೆತವೂ ಹೋಯಿತು. ಎರಡು ಬೆರಳಲ್ಲಿ ಚರ್ಮ ಚಿವುಟಿ ಬಿಟ್ಟರೆ ಅದು ವಾಪಸ್ ಮಲಗುವ ವೇಗ ಮಾತ್ರ ಎರಡೂ ಕೈಯಲ್ಲಿ ಒಂದೇ. ಹೊರಗಿನ ಒಣಕಲು ಹೋಗಿದೆ, ಒಳಗಿನ ಹತ್ತಿ ಕುಸಿದದ್ದು ಕುಸಿದೇ ಇದೆ. ಆಮೇಲೆ ಹೊಟ್ಟಿಲ್ಲದ ಓಟ್ಸ್ ಕಾಳು ಸಿಕ್ಕಿತು ಅಂತ ಮೊಳಕೆ ಬರಿಸಿ ಅದನ್ನೂ ಹಚ್ಚಿ ನೋಡಿದೆ. ಮೊಳಕೆಯಲ್ಲಿ ಅವೆನಾಂತ್ರಮೈಡ್ ಹೆಚ್ಚುತ್ತದೆ ಅನ್ನುವುದು ಸರಿ, ಆದರೆ ನನ್ನ ಕೈಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಮೇಲಾಗಿ ರುಬ್ಬಿದ ಮೊಳಕೆ ಓಟ್ಸ್ ಬೇಗ ಕಮಟು ಹಿಡಿಯುತ್ತದೆ, ಅದರ ಎಣ್ಣೆಯಂಶವನ್ನು ಒಡೆಯುವ ಕಿಣ್ವ ಅದರಲ್ಲೇ ಇದೆ.

ಮೂರು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಒಂದೇ ಕಿಟಕಿ ಹತ್ತಿರ, ಬೆಳಗಿನ ಒಂದೇ ಹೊತ್ತಿಗೆ, ಕೆನ್ನೆಯ ಫೋಟೊ ತೆಗೆಯುತ್ತಿದ್ದೇನೆ. ಮೊದಲನೆಯದನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣ ಸಮವಾಗಿದೆ, ಒರಟುತನ ಕಡಿಮೆಯಾಗಿದೆ. ನೋಡಿದವರು ಮೊಳಕೆಯಿಂದಾನಾ ಅಂತ ಕೇಳುತ್ತಾರೆ. ನನಗೆ ಹೇಳಲು ಬರುವುದಿಲ್ಲ. ಯಾಕೆಂದರೆ ಬೇಯಿಸಿದ ಮೊಳಕೆ ದಿನಾ ತಿನ್ನಲು ಶುರು ಮಾಡಿದ ತಿಂಗಳೇ ಸನ್‌ಸ್ಕ್ರೀನ್ ಕೂಡ ಶುರು ಮಾಡಿದ್ದೆ. ಬುದ್ಧಿ ಇದ್ದಿದ್ದರೆ ಒಂದಾದ ಮೇಲೆ ಒಂದು ಶುರು ಮಾಡಬೇಕಿತ್ತು. ಬಾಜಿ ಕಟ್ಟು ಅಂದರೆ ಸನ್‌ಸ್ಕ್ರೀನ್ ಮೇಲೇ ಕಟ್ಟುತ್ತೇನೆ. ಬೇಸರವಿಲ್ಲ. ಮೊಳಕೆ ಗೋಧಿ ಈಗ ರುಚಿಗೇ ತಿನ್ನುವಂತಾಗಿದೆ, ಹೊಟ್ಟೆಗೂ ಹಗುರ.

ಓಟ್ಸ್ ಹಿಟ್ಟನ್ನು ಈಗ ಬಲಗೈಗೂ ಹಚ್ಚುತ್ತೇನೆ. ದಿಂಬಿನ ಅಚ್ಚನ್ನೂ ಬಿಟ್ಟಿಲ್ಲ, ಗಡಿಯಾರ ಇಟ್ಟುಕೊಂಡೇ ನೋಡಿದ್ದೇನೆ. ಆಗ 40 ನಿಮಿಷ. ಈಗಲೂ 40 ನಿಮಿಷ.